ಸಾವಿರದ ಒಂಬತ್ತು ಲಾಡು

ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನು ನಾನು. ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಏಳೂವರೆಗೆ ಗಂಜಿ ಉಣ್ಣುತ್ತೇನೆ. ಗಡಿಯಾರ ತಪ್ಪಿದರೂ ನಾನು ತಪ್ಪುವುದಿಲ್ಲ. ಹಾಗಾಗಿ ತಲ್ಲೂರಿನ ತಂಗಿ ಸುಶೀಲ, ಮಗಳ ಮದುವೆಯ ಮರುದಿನ ಕುಂಭಾಶಿಯ ಬೀಗರ ಮನೆಗೆ ಲಾಡು ಮುಟ್ಟಿಸುವ ಹೊಣೆಯನ್ನು ನನಗೇ ಒಪ್ಪಿಸಿದಳು.

"ಅಣ್ಣಯ್ಯ, ಬೀಗರ ಎದ್ರ್ ನನ್ ಮರ್ಯಾದಿ ನಿನ್ನ ಕೈಯಂಗಿತ್ತ್."

ಶುಭಕ್ಕೆ ಕೊಡುವ ಎಣಿಕೆ ಒಂದರಲ್ಲಿ ಮುಗಿಯಬೇಕೆಂದು ಅವಳು ಸಾವಿರದ ಒಂದು ಲಾಡು ಹೇಳಿದ್ದಳು. ನಾನು ಒಪ್ಪಲಿಲ್ಲ. ಸಾವಿರದ ಒಂದನ್ನು ಏಳರಿಂದ ಭಾಗಿಸಬಹುದು, ಹನ್ನೊಂದರಿಂದಲೂ, ಹದಿಮೂರರಿಂದಲೂ. ಹೊಸ ದಂಪತಿಗೆ ಭಾಗವಾಗುವ ಸಂಖ್ಯೆಯೇ? ಸಾವಿರದ ಒಂಬತ್ತು ಅವಿಭಾಜ್ಯ. ಒಂದನ್ನೂ ತನ್ನನ್ನೂ ಬಿಟ್ಟರೆ ಯಾವುದರಿಂದಲೂ ಭಾಗವಾಗದು. ಅಡುಗೆ ಭಟ್ಟರ ಎದುರು ನಿಂತು ಎಂಟು ಲಾಡು ಹೆಚ್ಚಿಗೆ ಕಟ್ಟಿಸಿದೆ.

ಮದುವೆಯ ಮರುದಿನ ಪೆಟ್ಟಿಗೆ ತುಂಬಲು ಕುಳಿತೆವು. ಬೀಗರ ನೆಂಟರ ಮನೆಮನೆಗೆ ಒಂದೊಂದು. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆಯಾದರೆ ಮನಸ್ತಾಪ. ನಾಲ್ಕರಂತೆ ತುಂಬಿಸಿದೆ. ಒಂದು ಉಳಿಯಿತು. ಎಲ್ಲ ಬಿಚ್ಚಿಸಿ ಆರರಂತೆ ತುಂಬಿಸಿದೆ. ಒಂದು ಉಳಿಯಿತು. ಎಂಟರಂತೆ, ಒಂಬತ್ತರಂತೆ. ಮತ್ತೂ ಒಂದು! ಅದೇ ಲಾಡು ಇರಬೇಕು. ಅದರ ಗೋಡಂಬಿ ನನ್ನನ್ನೇ ನೋಡುತ್ತಿತ್ತು.

"ಹ್ವಾಯ್, ಆ ಒಂದನ್ನ್ ತಿಂದ್ ಬಿಡಿ" ಎಂದಳು ನನ್ನ ಹೆಂಡತಿ ಜಲಜ.

"ತಿಂದ್ರೆ ಸಾವಿರದ ಎಂಟಾತ್ತ್. ಅದನ್ನ ಸಮ ಎರಡ್ ಪಾಲ್ ಮಾಡ್ಲಕ್ಕ್. ಮದಿಯಾಯಿ ಒಂದ್ ದಿನ ಆಯ್ಲಿಲ್ಲ!"

"ಹಾಂಗಾರೆ ಎಂತ ಮಾಡುದ್? ನೀವೇ ಹೇಳಿ."

ಗಣಿತದ ಪ್ರಕಾರ ಎರಡೇ ದಾರಿ: ಒಂದೊಂದು ಲಾಡಿನ ಸಾವಿರದ ಒಂಬತ್ತು ಪೆಟ್ಟಿಗೆ, ಇಲ್ಲವೇ ಎಲ್ಲದಕ್ಕೂ ಒಂದೇ ಪಾತ್ರೆ. ಅಷ್ಟು ಪೆಟ್ಟಿಗೆ ಇರಲಿಲ್ಲ. ಅನ್ನ ಬೇಯಿಸುವ ಕೊಪ್ಪರಿಗೆ ಇತ್ತು.

ಗೂಡ್ಸ್ ರಿಕ್ಷಾದ ಹಿಂದೆ ಕೊಪ್ಪರಿಗೆಯನ್ನು ತಬ್ಬಿಕೊಂಡು ನಾನೇ ಕುಳಿತೆ; ಸುಶೀಲ, ಜಲಜ ಬಸ್ಸಿನಲ್ಲಿ ಬಂದರು. ಹೆದ್ದಾರಿಯ ಹೊಂಡಗಳಿಗೆ ಗಣಿತ ಬರುವುದಿಲ್ಲ. ಕುಂಭಾಶಿಯಲ್ಲಿ ಮುಚ್ಚಳ ತೆಗೆದಾಗ ಮೇಲಿನ ಒಂದು ಸಾಲು ಲಾಡು; ಕೆಳಗೆಲ್ಲ ಪುಡಿ ಪುಡಿ ಬೂಂದಿ. ಸುಶೀಲ ಕೊಪ್ಪರಿಗೆಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ವರನ ತಾಯಿ ಬಗ್ಗಿ ನೋಡಿದರು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

"ರುಚಿ ಲಾಯ್ಕಿತ್ತ್. ಉಂಡಿ ಕಟ್ಟುದ್ ನಮಗೆ ಬಿಟ್ಟಿರಿ, ಅಲ್ದಾ? ಬನ್ನಿ ಸುಶೀಲಕ್ಕ, ಒಟ್ಟಿಗೇ ಕಟ್ವ."

ಬೀಗಿತ್ತಿಯರಿಬ್ಬರೂ ತುಪ್ಪದ ಕೈಯಲ್ಲಿ ನಗುತ್ತಾ ಕುಳಿತರು. ತಂಗಿಯ ಮರ್ಯಾದೆ ಉಳಿಯಿತು. ಎಷ್ಟಾಯಿತೆಂದು ಎಣಿಸಲು ನಾನು ಬಗ್ಗಿದೆ.

"ನೀವ್ ಮುಟ್ಟುಕಾಗ" ಎಂದು ಜಲಜ ನನ್ನ ಕೈ ತಡೆದಳು.

ಈಗ ನೆಂಟರ ಮದುವೆಗಳಲ್ಲಿ ನನಗೆ ಒಂದೇ ಕೆಲಸ, ಬಾಗಿಲ ಬಳಿ ಚಪ್ಪಲಿ ನೋಡಿಕೊಳ್ಳುವುದು. ಎರಡರಿಂದ ನಿಶ್ಶೇಷವಾಗಿ ಭಾಗವಾಗುವ ವಸ್ತು, ತಪ್ಪಾಗುವ ಸಂಭವವೇ ಇಲ್ಲ. ಮೊನ್ನೆ ಎಲ್ಲವನ್ನೂ ಸಾಲಾಗಿ ಜೋಡಿಸಿ ಎಣಿಸಿದೆ.

ಒಂದು ಉಳಿಯಿತು.