ಯಜಮಾನರ ಕುರ್ಚಿ, ನನ್ನ ಕೆಟಲ್

ನನಗೊಂದು ಕಾಯಿಲೆಯಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯವರು ಯಾರು ಬಂದರೂ ಕೂತ ಜಾಗದಿಂದ ಎದ್ದುಬಿಡುತ್ತೇನೆ. ಡಾಕ್ಟರಿಗೆ ತೋರಿಸೋಣವೆಂದರೆ ಅವರದೂ ಬಿಳಿ ಕೋಟು. ರೋಗ ಹೇಳುವ ಮೊದಲೇ ಎದ್ದು ನಿಂತಿರುತ್ತೇನೆ. ಇಂಥ ನಾನು ಒಂದು ಕಾಲದಲ್ಲಿ ಕೆ.ಆರ್. ನಗರದ ಅಕ್ಕಿ ಗಿರಣಿಯೊಂದರಲ್ಲಿ ನಿಂತು, 'ನಮ್ಮ ತಲೆಯ ಮೇಲೆ ಯಾರೂ ಬೇಡ' ಎಂದು ಭಾಷಣ ಮಾಡುತ್ತಿದ್ದೆ ಎಂದರೆ ನನ್ನ ಹೆಂಡತಿಯೇ ನಂಬುವುದಿಲ್ಲ. ಅವಳು ಆ ಭಾಷಣ ಕೇಳಿದ್ದಾಳೆ, ಆದರೂ ನಂಬುವುದಿಲ್ಲ.

ತೊಂಬತ್ತರ ದಶಕದ ಮಾತು. ಗಿರಣಿಯಲ್ಲಿ ನಾನು ಭತ್ತದ ಹೊಟ್ಟು ಬಿಡಿಸುವ ಹಲ್ಲರ್ ಯಂತ್ರಕ್ಕೆ ಭತ್ತ ಸುರಿಯುವವನು, ಮೈಯೆಲ್ಲ ತೌಡು. ಭಾನುವಾರ ಎಡಪಕ್ಷದ ಓದುವ ಕೂಟಕ್ಕೆ ಹೋಗಿ ಮಾರ್ಕ್ಸ್‌ವಾದ ಕೇಳಿ ಬರುತ್ತಿದ್ದೆ. ಅಲ್ಲಿ ಒಂದು ಪಂಗಡದವರ ಮಾತು ನನಗೆ ಬಹಳ ಹಿಡಿಸಿತ್ತು: ಕಾರ್ಖಾನೆಯನ್ನು ಕೆಲಸಗಾರರೇ ಕೂಡಿ ನಡೆಸಬೇಕು, ಅವರ ಹೆಸರಿನಲ್ಲಿ ಪಕ್ಷ ಕೂತು ಆಳಿದರೆ ಯಜಮಾನ ಬದಲಾದ ಹಾಗಷ್ಟೇ. ಇದನ್ನು ಮನೆಯಲ್ಲೂ ಜಾರಿಗೆ ತರೋಣವೆಂದು ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಅಂಗಾದ್ರೆ ಇವತ್ತು ಇಟ್ಟು ನೀವೇ ತೊಳಸಿ" ಎಂದಳು. ಮುದ್ದೆಯೆಲ್ಲ ಗಂಟುಗಂಟಾಯಿತು. ಮನೆಯ ಕ್ರಾಂತಿ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಗಿರಣಿಯ ಯಜಮಾನರು ಮೈಸೂರಿನಲ್ಲಿ ಸೈಟು ವ್ಯಾಪಾರಕ್ಕೆ ಇಳಿದರು. "ಬಾಡ್ಗೆ ಕೊಟ್ಕಂಡು ನೀವೇ ನಡೆಸ್ಕಳ್ರಪ್ಪ" ಎಂದು ಬೀಗದ ಕೈ ಕೊಟ್ಟು ಹೋದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ವಾರಕ್ಕೊಬ್ಬರು ಮೇಸ್ತ್ರಿ, ಸೋಮವಾರ ಹುಣಸೆ ಮರದಡಿ ಎಲ್ಲರೂ ಕೂತು ತೀರ್ಮಾನ. ಅಕ್ಕಿ ಕೇರುವ ನಿಂಗಕ್ಕ ಮೊದಲ ಸಭೆಯಲ್ಲೇ, "ರೈತ್ರ ತೌಡು ರೈತ್ರಿಗೇ ಕೊಟ್ಬುಡನ ಕಣ್ರಪ್ಪ. ಅವರ ದನ ಕರನೂ ತಿನ್ಬೇಕಲ್ವಾ" ಎಂದಳು. ಅದುವರೆಗೆ ತೌಡನ್ನು ಗಿರಣಿಯೇ ಇಟ್ಟುಕೊಳ್ಳುತ್ತಿತ್ತು. ಎಲ್ಲರೂ ಒಪ್ಪಿದೆವು, ಸಾಲಿಗ್ರಾಮದ ಕಡೆಯಿಂದಲೂ ಗಾಡಿಗಳು ಬರತೊಡಗಿದವು. ರೈತರಿಗೆ ಇದ್ದದ್ದು ಒಂದೇ ಕಷ್ಟ, ಬೈಯುವುದಕ್ಕೆ ಯಜಮಾನರಿಲ್ಲ. "ಯಾರಾದ್ರೂ ಒಬ್ರು ಮುಂದುಕ್ಕೆ ಬನ್ರಪ್ಪ, ಏನೋ ಯೋಳ್ಬೇಕು" ಎಂದರೆ ನಾವೆಲ್ಲರೂ ಮುಂದೆ ಬರುತ್ತಿದ್ದೆವು. ಅವರು ಗಾಬರಿಯಾಗಿ ಹಿಂದೆ ಸರಿಯುತ್ತಿದ್ದರು.

ಯಜಮಾನರು ಬಿಟ್ಟುಹೋದ ಕುರ್ಚಿಯೊಂದು ಉಳಿಯಿತು. ಅದರಲ್ಲಿ ಯಾರೂ ಕೂರಬಾರದೆಂದು ತೀರ್ಮಾನವಾಯಿತು. ಒಡೆದು ಸೌದೆ ಮಾಡಿ ಎಂದಳು ನಿಂಗಕ್ಕ. ಬೀಟೆ ಮರದ್ದಲ್ಲವೇ, ನನಗೆ ಮನಸ್ಸು ಬರಲಿಲ್ಲ. ಅದರ ಮೇಲೆ ಟೀ ಕೆಟಲ್ ಇಟ್ಟುಕೊಂಡೆವು.

ನಮ್ಮ ಕೆಲಸಗಾರರ ಸಂಘ ಪಕ್ಷಕ್ಕೇ ಸೇರಿದ್ದು. ಗಿರಣಿ ಚೆನ್ನಾಗಿ ನಡೆಯುತ್ತಿದೆಯೆಂಬ ಸುದ್ದಿ ಪಕ್ಷದ ಜಿಲ್ಲಾ ಕಚೇರಿಗೆ ಮುಟ್ಟಿತು. ಒಂದು ಸೋಮವಾರ ಕಾರ್ಯದರ್ಶಿಗಳೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹುಣಸೆ ಮರದ ಕಡೆ ತಿರುಗಿಯೂ ನೋಡದೆ ನೇರವಾಗಿ ಯಜಮಾನರ ಕೋಣೆಗೆ ನಡೆದು, ಕುರ್ಚಿಯ ಮುಂದೆ ನಿಂತು ಕೆಟಲನ್ನು ನೋಡಿದರು. ನಾನು ಓಡಿಹೋಗಿ ಕೆಟಲ್ ಎತ್ತಿಕೊಂಡು, ಹೆಗಲ ಟವೆಲಿನಿಂದ ಕುರ್ಚಿ ಒರೆಸಿದೆ. ಅಂದಿನ ಸಭೆಯಲ್ಲಿ ಅವರೊಬ್ಬರು ಕೂತರು, ನಾವು ನಿಂತೆವು.

"ಇನ್ನು ಮೇಲೆ ಮೇಸ್ತ್ರಿಯನ್ನ ಪಕ್ಷವೇ ನೇಮಿಸುತ್ತೆ. ತೌಡಿನ ವಿಷಯಾನೂ ಜಿಲ್ಲಾ ಸಮಿತಿ ನೋಡ್ಕೊಳ್ಳುತ್ತೆ" ಎಂದರು.

"ನಮ್ಮನ್ನ ಕೇಳಾಕಿಲ್ವಾ ಸ್ವಾಮಿ?" ಎಂದಳು ನಿಂಗಕ್ಕ.

"ಪಕ್ಷ ಅಂದ್ರೆ ನೀವೇ ಅಲ್ವೇನಮ್ಮ? ನೀವು ಏನು ಹೇಳಬೇಕೋ ಅದನ್ನ ಪಕ್ಷವೇ ಯೋಚನೆ ಮಾಡಿ ಹೇಳುತ್ತೆ. ಸರಿ, ವಿರೋಧ ಇರೋರು ಕೈ ಎತ್ತಿ."

ನಿಂಗಕ್ಕ ಕೈ ಎತ್ತಿ ನನ್ನ ಕಡೆ ನೋಡಿದಳು. ಮಿಕ್ಕವರೂ ನನ್ನನ್ನೇ ನೋಡಿದರು. ಅಷ್ಟು ದಿನ ಭಾಷಣ ಹೊಡೆದವನು ನಾನಲ್ಲವೇ. ನನ್ನ ಒಂದು ಕೈ ಕೆಟಲಿನ ಹಿಡಿಯಲ್ಲಿತ್ತು, ಇನ್ನೊಂದು ಟವೆಲು ಸುತ್ತಿಕೊಂಡು ಅದರ ತಳದಲ್ಲಿತ್ತು. ಟೀ ತುಂಬಿತ್ತು, ಸುಡುತ್ತಿತ್ತು. ಕೈ ಎತ್ತಲಿಲ್ಲ. ನಾನು ಎತ್ತಲಿಲ್ಲವೆಂದು ಬೇರೆಯವರೂ ಎತ್ತಲಿಲ್ಲ. "ಸರ್ವಾನುಮತ" ಎಂದು ಹೇಳಿ ಕಾರ್ಯದರ್ಶಿಗಳು ಟೀ ಕೇಳಿದರು. ನಿಂಗಕ್ಕನ ಕೈ ಇನ್ನೂ ಮೇಲೆಯೇ ಇತ್ತು. ನಾನು ಟೀ ಬಗ್ಗಿಸಿಕೊಟ್ಟೆ.

ಪಕ್ಷದ ಮೇಸ್ತ್ರಿ ಬಂದ ಮೇಲೆ ತೌಡು ಮತ್ತೆ ಗಿರಣಿಯ ಪಾಲಾಯಿತು. ಗಾಡಿಗಳು ಬೇರೆ ಗಿರಣಿಯ ದಾರಿ ಹಿಡಿದವು. ಶಿಸ್ತಿಲ್ಲವೆಂದು ನಿಂಗಕ್ಕನನ್ನು ಕೆಲಸದಿಂದ ಬಿಡಿಸಿದರು. ಅವಳು ಹುಣಸೂರಿನ ಕಡೆ ಕಟ್ಟೆಮಳಲವಾಡಿಯ ಮಗಳ ಮನೆ ಸೇರಿ ಹೊಗೆಸೊಪ್ಪಿನ ಕೂಲಿಗೆ ಹೋದಳು. ಮುಂದಿನ ಸುಗ್ಗಿಯ ಹೊತ್ತಿಗೆ ಗಿರಣಿಗೆ ಬೀಗ ಬಿತ್ತು.

ನಾನು ಬಸ್ ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿ ಇಟ್ಟೆ. ಕೆಲಸಗಾರನೂ ನಾನೇ, ಆಡಳಿತವೂ ನನ್ನದೇ. ಓದಿದ್ದು ಒಬ್ಬನ ಮಟ್ಟಿಗೆ ಜಾರಿಯಾಯಿತು. ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಹುಣಸೂರು ಬಸ್ಸಿನಿಂದ ನಿಂಗಕ್ಕ ಇಳಿದಳು. ನನ್ನನ್ನು ಗುರುತು ಹಿಡಿದು ಬಂದು ಬೆಂಚಿನ ಮೇಲೆ ಕೂತಳು. ಟೀ ಕೊಟ್ಟು, ಕೆಟಲ್ ಹಿಡಿದುಕೊಂಡೇ ಆ ದಿನದ ಕತೆ ತೆಗೆದೆ. ಎರಡು ಕೈಯೂ ಖಾಲಿಯಿರಲಿಲ್ಲ ನಿಂಗಕ್ಕ, ಬಿಸಿ ಬೇರೆ, ಇಲ್ಲದಿದ್ದರೆ ನಾನು ಸುಮ್ಮನಿರುವವನೇ ಎಂದೆಲ್ಲ ಹೇಳಿದೆ. ಅವಳು ಲೋಟ ಖಾಲಿಯಾಗುವವರೆಗೂ ಕೇಳಿದಳು.

"ಅದ್ನ ಕೆಳಿಕ್ಕೆ ಇಟ್ಬುಟ್ಟು ಮಾತಾಡ್ಲಾ ಸಿದ್ರಾಜು."

ಕೆಟಲನ್ನು ನೆಲದ ಮೇಲೆ ಇಟ್ಟೆ. ಎರಡು ಕೈಯೂ ಖಾಲಿಯಾದವು. ಇಷ್ಟೇ ಕೆಲಸವೆಂದು ಆ ದಿನ ಹೊಳೆದಿರಲೇ ಇಲ್ಲ. ಏನೋ ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಬಿಳಿ ಅಂಗಿಯವರೊಬ್ಬರು ಬಂದು ಬೆಂಚಿನ ಮುಂದೆ ನಿಂತರು.

"ನಿಂಗಕ್ಕ, ಒಸಿ ಅತ್ತಾಗೆ ಸರ್ಕೊ" ಎಂದು ಹೇಳಿ ಬೆಂಚು ಒರೆಸಿದೆ.