ಕಡಲಿಗೆ ಮುಖ ಮಾಡಿದ ಸೈಟು

ಸಮುದ್ರದ ದಡದಲ್ಲಿ ಹುಟ್ಟಿ ಚಿಂತಾಮಣಿಗೆ ಸೊಸೆಯಾಗಿ ಬಂದವಳಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ನಾನು ಹೊಸದಾಗಿ ಬಂದಾಗ ಎಲ್ಲರೂ ಮೀನಿನ ಬಗ್ಗೆ ಕೇಳುತ್ತಿದ್ದರು. ಈಗ ಮುದುಕಿಯಾಗಿದ್ದೇನೆ, ಸೈಟಿನ ಬಗ್ಗೆ ಕೇಳುತ್ತಾರೆ.

೧. ಈಜುಕೊಳ

ಕುಂದಾಪುರದಾಚೆ ನನ್ನ ತವರೂರಿನಲ್ಲಿ ಯಾವುದೋ ಕಂಪನಿ ರೆಸಾರ್ಟ್ ಕಟ್ಟಿ, ಪಕ್ಕದಲ್ಲೇ ಲೇಔಟ್ ಮಾಡಿ, ಸೈಟು ಮಾರಲು ನಮ್ಮೂರಿನವರೆಗೂ ಏಜೆಂಟನನ್ನು ಕಳಿಸಿತು. ಅವನು ಎದುರುಮನೆಯ ಜಗಲಿಯಲ್ಲಿ ಬಣ್ಣದ ನಕ್ಷೆ ಹರಡಿದ. ಎದುರುಮನೆಯಾಕೆ ನನ್ನನ್ನೂ ಕರೆದಳು. ನೋಡಿದರೆ, ನಾನು ಹುಟ್ಟಿದ ಮನೆಯಿರುವ ಜಾಗದಲ್ಲಿ ನೀಲಿ ಈಜುಕೊಳ. ಅಲ್ಲಿ ನನ್ನ ತಮ್ಮನ ಸಂಸಾರವಿದೆ, ಅವನು ಮನೆ ಮಾರಿಲ್ಲ, ಮಾರುವುದೂ ಇಲ್ಲ ಎಂದೆ.

ಏಜೆಂಟ್ ಬೇಜಾರು ಮಾಡಿಕೊಳ್ಳಲಿಲ್ಲ. "ಇರ್ಲಿ ಬಿಡಮ್ಮ, ಕೊಳಕ್ಕೆ ನೀರು ಬಿಡೋ ಮುಂಚೆ ಹೇಳಿ ಕಳಿಸ್ತೀವಿ" ಅಂದ.

೨. ಒಣಗಿದ ಕೆರೆ

ಸೈಟು ತೋರಿಸಲು ಬಸ್ಸು ಮಾಡಿದರು. ಊರು ಬಲ್ಲವಳೆಂದು ನನ್ನನ್ನೂ ಹತ್ತಿಸಿಕೊಂಡರು. ನಾವು ತಲುಪಿದ್ದು ಇಳಿತದ ಹೊತ್ತು. ನೀರು ಹಿಂದೆ ಸರಿದಿತ್ತು. ಎದುರುಮನೆಯಾಕೆಯ ಗಂಡ ಒದ್ದೆ ಮರಳಿನ ಮೇಲೆ ಅಡ್ಡಾಡಿ, ಇಷ್ಟು ಜಾಗ ಸುಮ್ಮನೆ ಬಿಟ್ಟಿದ್ದಾರಲ್ಲ ಎಂದು ಮರುಗಿದ. ಚಿಂತಾಮಣಿ ಕಡೆ ಕೆರೆ ಬತ್ತಿದರೆ ಮಾರನೆಯ ವರ್ಷವೇ ಅದರೊಳಗೆ ಬೇಲಿ ಏಳುತ್ತದೆ. ನಮ್ಮನ್ನು ನೋಡಲು ಬಂದಿದ್ದ ನನ್ನ ತಮ್ಮನನ್ನು ಅವನು ಕೇಳಿದ: "ಇಲ್ಲಿಗಂಟ ನೀರು ಕೊನೇ ಸಲ ಬಂದಿದ್ದು ಯಾವ ವರ್ಷ ಅಣ್ಣ?"

"ಇವತ್ತು ಬೆಳಿಗ್ಗೆ" ಅಂದ ತಮ್ಮ.

೩. ಗೋಡೆ

ಆದರೂ ಗಂಡ ಹೆಂಡತಿ ಸೈಟು ಬುಕ್ ಮಾಡಿದರು, ತಮ್ಮನ ಮನೆಯ ಬೆನ್ನಿಗೇ, ಕಡಲಿನಿಂದ ಎರಡನೇ ಸಾಲಿನಲ್ಲಿ ಇದ್ದದ್ದನ್ನು. ರೆಸಾರ್ಟಿನವರು ರೆಸಾರ್ಟಿನ ಉದ್ದಕ್ಕೆ ಮಾತ್ರ, ಕಡಲಿಗೆ ಅಡ್ಡವಾಗಿ ಕಲ್ಲಿನ ತಡೆಗೋಡೆ ಹಾಕಿದರು. ಅಲೆಗಳು ಅದಕ್ಕೆ ಬಡಿದು ಪಕ್ಕಕ್ಕೆ, ತಮ್ಮನ ಮನೆ ಮುಂದಿನ ತೋಟಕ್ಕೆ ತಿರುಗಿದವು. ಒಂದು ಮಳೆಗಾಲಕ್ಕೆ ತೆಂಗಿನಮರಗಳು ಹೋದವು, ಮರು ಮಳೆಗಾಲಕ್ಕೆ ಬಾವಿ. ನನ್ನ ತಮ್ಮ ದೂರು ಹೇಳಲು ರೆಸಾರ್ಟಿಗೆ ಹೋದ. ಮ್ಯಾನೇಜರು ಕೂರಿಸಿ, ಎಳನೀರು ಕೊಟ್ಟು ಸಮಾಧಾನ ಮಾಡಿದನಂತೆ. ಗೆಸ್ಟುಗಳೆಲ್ಲ ನಿಮ್ಮ ಮನೆ ಕಡೆಯ ಅಲೆಗಳನ್ನೇ ಫೋಟೋ ತೆಗೆಯುವುದು, ನಮ್ಮ ಕಡೆ ಅಷ್ಟು ಚೆನ್ನಾಗಿ ಏಳುವುದಿಲ್ಲ ಎಂದನಂತೆ.

೪. ಮಾತಾಡಿಸಲು ಬಂದದ್ದು

ಈ ಮಳೆಗಾಲದಲ್ಲಿ ಮನೆಯೇ ಹೋಯಿತು. ಜೀವಗಳು ಉಳಿದವು. ಹೆಂಡತಿಯನ್ನು ಮಗಳ ಮನೆಯಲ್ಲಿ ಬಿಟ್ಟು ತಮ್ಮ ನನ್ನಲ್ಲಿಗೆ ಬಂದ. ಬೀಗವನ್ನೂ ಬೀಗದಕೈಯನ್ನೂ ಜೋಪಾನವಾಗಿ ತಂದಿದ್ದ; ಬಾಗಿಲು ಮಾತ್ರ ಸಮುದ್ರದಲ್ಲಿತ್ತು.

ಎದುರುಮನೆಯಾಕೆ ಮಾತಾಡಿಸಲು ಬಂದಳು. ಸಾವಿನ ಮನೆಗೆ ಬಂದ ಹಾಗೆಯೇ ಬಂದಳು. ಕಾಫಿ ಬೇಡವೆಂದಳು, ಬಾಯಿಗೆ ಸೆರಗಿಟ್ಟುಕೊಂಡು ತಮ್ಮನ ಎದುರು ಕೂತಳು. ಏಳುವಾಗ 'ಬರ್ತೀನಿ' ಅನ್ನಲಿಲ್ಲ. ಸಾವಿನ ಮನೆಯಲ್ಲಿ ಆ ಮಾತು ಆಡಬಾರದಲ್ಲ. ಕಡಲಿಗೆ ಹೋದ ಮನೆಗೆ ಇಷ್ಟು ಮರ್ಯಾದೆ ಕೊಟ್ಟವಳು ಇವಳೊಬ್ಬಳೇ ಎಂದು ನನಗೆ ಕಣ್ಣು ತುಂಬಿತು.

ಹೊಸಿಲು ದಾಟಿದವಳು ತಿರುಗಿ ನಿಂತಳು. "ತಪ್ಪು ತಿಳ್ಕೋಬೇಡಿ ಅಣ್ಣ. ನಿಮ್ಮನೆ ಹೋದ್ಮೇಲೆ ನಮ್ಮ ಸೈಟು ಮೊದಲನೇ ಸಾಲಿಗೆ ಬಂತಲ್ವಾ?"

ತಮ್ಮ ತಲೆಯೆತ್ತಿದ. ಬಂದಮೇಲೆ ಅವನು ನಕ್ಕಿದ್ದು ಆಗಲೇ.

"ಬಂತಮ್ಮ. ಮುಂದಿನ ಮಳೆಗಾಲಕ್ಕೆ ಇನ್ನೂ ಒಂದು ಸಾಲು ಮುಂದೆ ಹೋಗ್ತದೆ."