ನೂರಾ ಹನ್ನೆರಡನೇ ಪುಟ ಓದಿದವರು

ಪುಸ್ತಕ ಬರೆದವರು ಹಾರ ಹಾಕಿಸಿಕೊಂಡು ಮನೆಗೆ ಹೋಗ್ತಾರೆ. ಬೈಸಿಕೊಳ್ಳೋನು ಕರಡು ತಿದ್ದಿದವನು. ನಲವತ್ತು ಪುಸ್ತಕ ತಿದ್ದಿದ್ದೀನಿ, ನಲವತ್ತು ಸಲಾನೂ ಹಿಂಗೇ ಆಗೈತೆ. ಆದರೆ ನಮ್ಮ ಮಾಜಿ ಅಧ್ಯಕ್ಷರ ಆತ್ಮಕಥೆಗೆ ಬಿದ್ದ ಮಾತುಗಳೇ ಬೇರೆ. ಅಧ್ಯಕ್ಷರು ಈಗಿಲ್ಲ. ನೆನೆಸಿಕೊಂಡರೆ ನಗು ಮೊದಲು ಬರುತ್ತೆ, ಹಿಂದೇನೇ ಸಂಕಟ ಬರುತ್ತೆ.

ಅವರು ಹರಿಹರದ ಒಂದು ವರ್ತಕರ ಸಂಘಕ್ಕೆ ಬಹಳ ವರ್ಷ ಅಧ್ಯಕ್ಷರಾಗಿದ್ದವರು. ನಾನು ಅದೇ ಊರಲ್ಲಿ ಕನ್ನಡ ಮೇಷ್ಟ್ರಾಗಿದ್ದು, ರಿಟೈರಾದ ಮೇಲೆ ದಾವಣಗೆರೆಯ ಸಣ್ಣ ಪ್ರೆಸ್ಸೊಂದರಲ್ಲಿ ಕೂತವನು. ಐನೂರು ಪ್ರತಿ ಅಚ್ಚಾಯಿತು. ಬಿಡುಗಡೆಯಾಗಿ ತಿಂಗಳು ತುಂಬೋದರೊಳಗೆ ಅಧ್ಯಕ್ಷರಿಗೆ ಲಕ್ವ ಹೊಡೆಯಿತು. ಎಡಭಾಗ ಬಿತ್ತು, ಮಾತು ನಿಂತಿತು, ಬಲಗೈ ಒಂದು ಉಳಿಯಿತು. ಹಳೇ ಕರಡಿನ ಹಾಳೆಗಳ ಹಿಂದೆ ಪೆನ್ಸಿಲಲ್ಲಿ ಬರೆದೇ ಮಾತಾಡಬೇಕು. ನಾನು ವಾರಕ್ಕೊಂದು ಸಲ ಹೋದರೆ ಮೊದಲ ಚೀಟಿ: 'ಯಾರು ಏನಂದರು?' ಎರಡನೇ ಚೀಟಿ: 'ಅವನು ಏನಂದ?'

ಅವನು ಅಂದರೆ ನಮ್ಮ ಪ್ರೆಸ್ಸಿಗೆ ಆಗಾಗ ಪುಸ್ತಕ ಹೊಲಿದು ಕೊಡೋ ಬೈಂಡಿಂಗ್ ಸಾಹೇಬ್ರು. ಅಧ್ಯಕ್ಷರ ಹಳೇ ಗೆಳೆಯರು, ಹನ್ನೆರಡು ವರ್ಷದಿಂದ ಮಾತಿಲ್ಲ. 'ಬೈಂಡಿಂಗ್ ಅವನಿಗೇ ಕೊಡ್ರಿ' ಅಂತ ಅಧ್ಯಕ್ಷರು ಹಟ ಹಿಡಿದಿದ್ದರು. ಯಾಕೆ ಅಂತ ನನಗೆ ಆಗ ತಿಳೀಲಿಲ್ಲ. 'ನಾನೇ ಕೇಳಲೇನ್ರಿ?' ಅಂದರೆ 'ಬೇಡ. ಅವನಾಗಿ ಹೇಳಬೇಕು' ಅಂತ ಬರೆಯೋರು.

ಹೆಸರಿಲ್ಲದವರು

ಮೊದಲು ಪ್ರೆಸ್ಸಿಗೆ ಬಂದವರು ಒಬ್ಬ ಜೋಳದ ವ್ಯಾಪಾರಿ. ಪುಸ್ತಕಾನ ಟೇಬಲ್ ಮೇಲೆ ಕುಕ್ಕಿದರು.

"ಮೇಷ್ಟ್ರೆ, ಇದರಾಗ ನನ್ನ ಹೆಸರು ಎಲ್ಲೈತೆ?"

"ಇಲ್ಲ ಅನಿಸುತ್ತೆ ಯಜಮಾನ್ರೆ."

"ನಮ್ಮ ಗುಮಾಸ್ತನ ಕೈಲಿ ಎರಡು ಸಲ ಹುಡುಕಿಸೀನಿ. ಮೂರು ಚುನಾವಣೆಯಾಗ ಅವರ ಹಿಂದೆ ಬಿದ್ದು ಓಡಾಡಿದೋನು ನಾನು. ನನ್ನ ಹೆಸರೇ ಇಲ್ಲ ಅಂದ ಮ್ಯಾಲೆ ಇದರಾಗ ನಿಜ ಏನೈತೆ ಹೇಳ್ರಿ?"

"ನೀವು ಓದಿದ್ರಾ?"

"ಹೆಸರಿಲ್ಲದ ಪುಸ್ತಕ ಯಾಕ ಓದ್ಲಿ?"

ಅಧ್ಯಕ್ಷರಿಗೆ ಹೇಳಿದೆ. ಪೆನ್ಸಿಲ್ ತಗೊಂಡು ನಿಧಾನಕ್ಕೆ ಬರೆದರು: 'ಅವನು ಓಡಾಡಿದ್ದು ನನ್ನ ಎದುರಾಳಿ ಪರವಾಗಿ. ಅದಕ್ಕೇ ಬಿಟ್ಟೆ, ಪಾಪ.'

ಹೆಸರಿದ್ದವರು

ಹೆಸರು ಬಂದವರಾದರೂ ಸುಖವಾಗಿದ್ದರೇ? ಕೊಕ್ಕನೂರಿಂದ ಒಬ್ಬ ರೈತರು ಬಸ್ ಹತ್ತಿ ಬಂದರು. ಅವರ ಬಗ್ಗೆ ಬರೆದದ್ದು ಒಂದೇ ಸಾಲು. ಒಂದು ಸಭೆ ರಾತ್ರಿವರೆಗೆ ಎಳೆದಾಗ ಕೂತವರಿಗೆಲ್ಲ ಈ ಪುಣ್ಯಾತ್ಮ ತನ್ನ ಜೇಬಿಂದ ಚಹಾ ಕುಡಿಸಿದ ಅಂತ.

"ಒಳ್ಳೇದೇ ಬರದಾರಲ್ರಿ" ಅಂದೆ.

"ನಿಮಗೆ ಒಳ್ಳೇದು! ಊರಾಗ ಯಾರೋ ಅದನ್ನ ಕಟ್ಟೆ ಮ್ಯಾಲೆ ಕುಂತು ದೊಡ್ಡದಾಗಿ ಓದ್ಯಾರೆ. ಅವತ್ತಿಂದ ಹೋಟ್ಲು ಮುಂದೆ ಹಾದು ಹೋಗಂಗಿಲ್ಲ. 'ಬುಕ್ಕಿನಾಗ ಬಂದೈತಲ್ಲಪ್ಪ, ಕುಡಿಸು' ಅಂತಾರೆ. ಆ ಸಾಲು ತೆಗೀರಿ ಮೇಷ್ಟ್ರೆ, ನಿಮ್ಮ ಕಾಲಿಗೆ ಬೀಳ್ತೀನಿ."

ಅಚ್ಚಾದ ಸಾಲನ್ನ ತೆಗೆಯೋದು ಹೆಂಗೆ ಮಾರಾಯ? ಸಮಾಧಾನ ಮಾಡಿ ಕಳಿಸೋಣ ಅಂತ ಎದುರಿನ ಹೋಟ್ಲಿಗೆ ಕರಕೊಂಡು ಹೋದೆ. ಎದ್ದು ಬರುವಾಗ ಅಭ್ಯಾಸ ನೋಡ್ರಿ, ದುಡ್ಡು ಅವರೇ ಕೊಟ್ಟರು.

ಅಧ್ಯಕ್ಷರು ಈ ಕಥೆ ಕೇಳಿ ಬಲಗಡೆಯ ಅರ್ಧ ತುಟಿಯಲ್ಲಿ ನಕ್ಕರು. ಆಮೇಲೆ ಅದೇ ಚೀಟಿ: 'ಅವನು?' ಇನ್ನೂ ಏನೂ ಹೇಳಿಲ್ಲ ಸಾರ್ ಅಂದೆ. ಗೋಡೆ ಕಡೆ ಮುಖ ತಿರುಗಿಸಿಕೊಂಡರು. 

ಅಮ್ಮಾರ ಪೆನ್ಸಿಲ್

ಪುಸ್ತಕಾನ ಮೊದಲಿಂದ ಕೊನೇವರೆಗೆ ಓದಿದವರು ಅಧ್ಯಕ್ಷರ ಹೆಂಡತಿ ಒಬ್ಬರೇ. ನಾವೆಲ್ಲ ಅವರನ್ನ ಅಮ್ಮಾರು ಅಂತೀವಿ. ಒಂದು ದಿನ ನನ್ನನ್ನ ಅಡುಗೆಮನೆಗೆ ಕರೆದು ತಮ್ಮ ಪ್ರತಿ ತೋರಿಸಿದರು. ಪುಟಪುಟಕ್ಕೂ ಪೆನ್ಸಿಲ್ ಗೆರೆ.

"ಇಲ್ಲಿ ನೋಡ್ರಿ ಮೇಷ್ಟ್ರೆ. ಚಳವಳಿ ದಿನ ಅನ್ನ ನೀರು ಮುಟ್ಟಲಿಲ್ಲ ಅಂತ ಬರದಾರೆ. ಸುಳ್ಳು. ಹಿಂದಿನ ಬಾಗಿಲಿಂದ ಬಂದು ಎರಡು ರೊಟ್ಟಿ ತಿಂದು ಹೋದರು. ಇಲ್ಲಿ, ಉಪವಾಸ ಅಂತೆ. ನಾಲ್ಕು ಇಡ್ಲಿ ನಾನೇ ಕಟ್ಟಿಕೊಟ್ಟಿದ್ದೆ. ನನ್ನ ಸುದ್ದಿ ಇರೋದು ಎರಡೇ ಕಡೆ. ಒಂದರಾಗ ಮದುವೆ ಆಗೀನಿ, ಇನ್ನೊಂದರಾಗ ಕಾಫಿ ತಂದೀನಿ."

ನಾನು ನಗುತ್ತಿದ್ದೆ. ಅಮ್ಮಾರು ನಗಲಿಲ್ಲ. ನೂರಾ ಹನ್ನೆರಡನೇ ಪುಟ ತೆಗೆದರು. ಆ ಪುಟದಲ್ಲಿ ಒಂದು ಗೆರೆಯೂ ಇರಲಿಲ್ಲ.

"ಈ ದಿನ ಮಾತ್ರ ನಿಜವಾಗ್ಲೂ ಉಂಡಿರಲಿಲ್ಲ" ಅಂದರು.

ಆ ಪುಟ ತಿದ್ದಿದವನು ನಾನೇ. ಕಾಗುಣಿತ ನೋಡಿದ್ದೆ, ಮನುಷ್ಯನ್ನ ನೋಡಿರಲಿಲ್ಲ. ರಸ್ತೆ ಅಗಲ ಮಾಡುವಾಗ ಒಬ್ಬ ಗೆಳೆಯನ ಅಂಗಡಿ ಮುಟ್ಟಲು ಬಿಡೋದಿಲ್ಲ ಅಂತ ಮಾತು ಕೊಟ್ಟಿದ್ದ ಅಧ್ಯಕ್ಷರು, ಒಡೆಯೋ ದಿನ ಸಭೆಗೆ ಹೋಗಿದ್ದೆ ಅಂತ ಹೇಳಿಕೊಂಡಿದ್ದರು. ಯಾವ ಸಭೆಯೂ ಇರಲಿಲ್ಲ. ಫೋನ್ ಬಂದ್ ಮಾಡಿ ಕೊಂಡಜ್ಜಿ ಕೆರೆ ಏರಿ ಮೇಲೆ ಸಂಜೆವರೆಗೆ ಕೂತಿದ್ದರು. ಪುಟದ ಕೊನೆಗೆ 'ತಪ್ಪಾಯಿತು' ಅಂತ ಇತ್ತು. ಆ ಗೆಳೆಯ ಸಾಹೇಬ್ರೇ ಅಂತ ನನಗೆ ಗೊತ್ತಾಗಿದ್ದು ಈಗ.

"ಎದುರು ನಿಂತು ಹೇಳೋಕೆ ಮುಖ ಇಲ್ಲ ಅಂತ ಬುಕ್ಕೇ ಬರದ್ರು" ಅಂದರು ಅಮ್ಮಾರು. "ಬೈಂಡಿಂಗ್ ಮಾಡುವಾಗ ಓದಲೇಬೇಕಲ್ಲ, ಓದಿ ಬಂದೇ ಬರ್ತಾನೆ ಅಂತ ಕಾಯಾಕ ಹತ್ಯಾರೆ. ಈ ಗಂಡಸರ ಬುದ್ಧಿಗೆ ಏನು ಹೇಳಾನ!"

ದುಂಡಗಿನ ಅಕ್ಷರ

ನಾನು ಅಧ್ಯಕ್ಷರ ಅಪ್ಪಣೆ ಮೀರಿದೆ. ಮಾರನೇ ದಿನವೇ ಪುಸ್ತಕ ಹಿಡಕೊಂಡು ಆನೆಕೊಂಡಕ್ಕೆ ಹೋದೆ. ಅಂಗಡಿ ಹೋದ ಮೇಲೆ ಸಾಹೇಬ್ರು ಅಲ್ಲೇ ಮನೆ ಮಾಡಿಕೊಂಡು ಪಡಸಾಲೆಯಲ್ಲೇ ಬೈಂಡಿಂಗ್ ಮಾಡ್ತಾರೆ. ನನಗೆ ಕೋಪ ಕುದಿಯುತ್ತಿತ್ತು. ಹದಿನಾರು ಪುಟಕ್ಕೊಂದು ಫಾರಂ, ಆ ಪುಟ ಏಳನೇ ಫಾರಂನ ಕೊನೇದು. ಹಾಳೆ ಮಡಚಿದರೆ ಅದೇ ಮೇಲೆ ಬರುತ್ತೆ. ಐನೂರು ಸಲ ಕಣ್ಣ ಮುಂದೆ ಹಾದರೂ ಕರಗದ ಮನುಷ್ಯ!

ಪುಟ ತೆಗೆದು ಮುಂದಿಟ್ಟೆ. ಸಾಹೇಬ್ರು ಕನ್ನಡಕ ಏರಿಸಿ, ಪುಟದ ನಂಬರ್ ನೋಡಿ, ನಡುವೆ ಉಗುರು ಎಳೆದರು.

"ಹೊಲಿಗೆ ಗಟ್ಟಿ ಐತಲ್ಲ?"

"ಹೊಲಿಗೆ ಅಲ್ರಿ, ಬರದಿರೋದು ನೋಡ್ರಿ!"

ಬಹಳ ಹೊತ್ತು ನೋಡಿದರು. "ಅಕ್ಷರ ದುಂಡಗದಾವೆ" ಅಂದರು.

ಒಂದು ಗಳಿಗೆ ನನಗೆ ಏನೂ ಹೊಳೀಲಿಲ್ಲ. ಹೊಳೆದ ಮೇಲೆ ಅವರ ಎದುರಿಗೇ ಕೂತೆ. ಇಷ್ಟು ಚೆಂದ ಕನ್ನಡ ಮಾತಾಡೋ ಮನುಷ್ಯ!

"ಕನ್ನಡ ಓದಾಕ ಬರಲ್ಲೇನ್ರಿ?"

"ನಾನು ಓದಿದ್ದು ಉರ್ದು ಸಾಲಿಯಾಗ. ಕನ್ನಡ ಬಾಯಾಗ ಐತೆ, ಕಣ್ಣಾಗ ಇಲ್ಲ. ಅಂಕಿ ಬರ್ತಾವೆ, ಬೈಂಡಿಂಗ್‌ಗೆ ಅಷ್ಟೇ ಸಾಕು."

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ನೀವ್ಯಾರೂ ಕೇಳ್ಲಿಲ್ಲ."

ಮೇಷ್ಟ್ರಾಗಿ ಹುಟ್ಟಿದ್ದಕ್ಕೆ ಸಾರ್ಥಕವಾಗಲಿ ಅಂತ ಆ ಪುಟ ಓದಿ ಹೇಳಿದೆ. ಸಾಹೇಬ್ರು ಕನ್ನಡಕ ತೆಗೆದು ಅಂಗಿ ತುದಿಗೆ ಒರೆಸುತ್ತಲೇ ಕೂತರು.

"ಐನೂರು ಸಲ ಮಡಚೀನಿ ಮೇಷ್ಟ್ರೆ ಇದನ್ನ" ಅಂದರು. "ಮುಖ ತೋರಿಸಾಕ ಆಗದೆ ಕೆಲಸ ಕೊಟ್ಟು ಕೈ ತೊಳಕಂಡ ಅಂತ ಬೈಕಂಡೇ ಮಡಚೀನಿ. ನಡೀರಿ ಹೋಗಾನ."

ಮೂರು ಚೀಟಿ

ಸಾಹೇಬ್ರು ಕೋಣೆಗೆ ಬಂದದ್ದೇ ಅಧ್ಯಕ್ಷರು ದಿಂಬಿಂದ ತಲೆ ಎತ್ತಿದರು. ಪೆನ್ಸಿಲ್ ಹುಡುಕಿ ಒಂದೇ ಮಾತು ಬರೆದು ನೇರ ಸಾಹೇಬ್ರ ಕೈಗೆ ಕೊಟ್ಟರು. ಸಾಹೇಬ್ರು ಅದನ್ನ ನನಗೆ ದಾಟಿಸಿದರು: 'ತಪ್ಪಾಯಿತು.' "ಅವರಿಗೆ ಓದಾಕ ಬರಲ್ಲ ಸಾರ್" ಅಂದೆ. ಅಧ್ಯಕ್ಷರು ಬಾಯಿ ಬಿಟ್ಟುಕೊಂಡು ಗೆಳೆಯನ್ನೇ ನೋಡಿದರು.

ಸಾಹೇಬ್ರು ಪೆನ್ಸಿಲ್ ಕಿತ್ತುಕೊಂಡು, ಚೀಟಿ ತಿರುಗಿಸಿ, ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಮೂರು ಸಾಲು ಬರೆದು ಕೊಟ್ಟರು. ಅಧ್ಯಕ್ಷರು ಅದನ್ನ ಹಿಂಗೆ ತಿರುಗಿಸಿದರು, ಹಂಗೆ ತಿರುಗಿಸಿದರು. ನನ್ನ ಕೈಗೆ ಕೊಟ್ಟರು. ನಾನೂ ತಿರುಗಿಸಿದೆ.

"ಗೊತ್ತಾತೇನು?" ಅಂದರು ಸಾಹೇಬ್ರು. "ಆರು ತಿಂಗಳಿಂದ ನಾನೂ ಹಿಂಗೇ ಕುಂತೀನಿ."

ಆಮೇಲೆ ಚೀಟಿ ಇಸಕೊಂಡು ಕನ್ನಡದಲ್ಲಿ ಹೇಳಿದರು: "ನೀನು ಕೆರೆ ಏರಿ ಮ್ಯಾಲೆ ಕುಂತಿದ್ದು ಅವತ್ತೇ ಗೊತ್ತಾಗಿತ್ತು. ನಮ್ಮ ಭಾಮೈದ ನೋಡಿ ಬಂದು ಹೇಳಿದ್ದ. ಮನಿಗೆ ಬರ್ತಿ, ಬೈಬೇಕು, ಆಮ್ಯಾಲೆ ಉಣ್ಣಾಕ ಹಾಕಬೇಕು ಅಂತ ಕಾದೆ. ನೀ ಬರಲೇ ಇಲ್ಲ."

 ಅಧ್ಯಕ್ಷರ ಕಣ್ಣಿಂದ ನೀರು ಕಿವಿಗೆ ಇಳಿಯುತ್ತಿತ್ತು. ಅದನ್ನ ಒರೆಸಿಕೊಳ್ಳದೆ ಬರೆದರು. ನಾನು ಓದಿದೆ: 'ಊಟಕ್ಕೆ ಏನು ಮಾಡಿಸಿದ್ದೆ?'

"ಅಂಗಡಿ ಬಿದ್ದ ದಿನ ಏನು ಮಾಡಿಸ್ತಾರೋ ಮಾರಾಯ! ಅನ್ನ, ಬ್ಯಾಳೆ ಸಾರು" ಅಂದರು ಸಾಹೇಬ್ರು.

ಅಧ್ಯಕ್ಷರು ಮತ್ತೊಂದು ಚೀಟಿ ಬರೆದರು. ನನ್ನ ಕೈಗೆ ಬಂತು. ಮನಸ್ಸಲ್ಲೇ ಓದಿಕೊಂಡು ಮಡಚಿ ಹಿಡಕೊಂಡೆ. ಸಾಹೇಬ್ರು "ಏನಂತೆ, ಏನಂತೆ" ಅಂತ ನನ್ನ ಮೊಣಕೈ ಅಲುಗಿಸುತ್ತಿದ್ದರು. ಕೊನೆಗೆ ಅಮ್ಮಾರು ಬಂದು, ಸೆರಗಿಂದ ಕಣ್ಣೊರೆಸಿಕೊಂಡು, ಚೀಟಿ ಇಸಕೊಂಡು ಗಟ್ಟಿಯಾಗಿ ಓದಿದರು:

"'ಬರೀ ಬೇಳೆ ಸಾರಾ? ಹಂಗಾದ್ರೆ ನಾನು ಬರದೇ ಇದ್ದದ್ದೇ ಒಳ್ಳೇದಾಯ್ತು.'"